ನಿವೃತ್ತಿ ನಂತರ ಕಡಿಮೆ ಖರ್ಚಿನ ಊರಿಗೆ ಹೋಗಿ ನೆಲೆಸಿದವರು ಅನುಭವ ಹೇಳ್ತೀರಾ?

ನನಗೆ ಈಗ 58. ಇನ್ನೆರಡು ವರ್ಷಕ್ಕೆ ಕೆಲಸ ಮುಗಿಯುತ್ತದೆ. ದೊಡ್ಡ ನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮೊನ್ನೆ ಲೆಕ್ಕ ಹಾಕಿದಾಗ, ಆಮೇಲೆ ಬರುವ ಪಿಂಚಣಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಡಿಗೆಗೇ ಹೋಗುತ್ತದೆ ಅಂತ ಗೊತ್ತಾಯಿತು. ಹಾಗಾಗಿ ಊರು ಬಿಡಲೇಬೇಕು. ನನಗೆ ಗುಡ್ಡದ ಊರು ಇಷ್ಟ, ಹೆಂಡತಿಗೆ ಸಮುದ್ರದ ಹತ್ತಿರ ಇರುವ ಆಸೆ. ಅವಳಿಗೆ ಮಂಡಿ ನೋವು ಇದೆ. ಮಗಳು ಬೇರೆ ಕಡೆ ಇದ್ದಾಳೆ. ಸ್ನೇಹಿತರೊಬ್ಬರು ಹೊರದೇಶಕ್ಕೇ ಹೋಗಿಬಿಡಿ, ಇನ್ನೂ ಅಗ್ಗ ಅನ್ನುತ್ತಾರೆ. ಹೋದವರು ಹೇಗೆ ಆರಿಸಿದಿರಿ, ಎಲ್ಲಿ ತಪ್ಪಿದಿರಿ, ದಯವಿಟ್ಟು ಬರೆಯಿರಿ.

*

ಸರ್, ನಾವು ಎರಡು ಸಲ ಊರು ಬದಲಾಯಿಸಿದವರು. ಮೊದಲನೇದು ತಪ್ಪಾಯಿತು, ಅದನ್ನೇ ಬರೆಯುತ್ತೇನೆ. ಬರೀ ಬಾಡಿಗೆ ನೋಡಿ ಹೋದೆವು. ನಗರದಲ್ಲಿ ಕೊಡುತ್ತಿದ್ದುದರ ಮೂರನೇ ಒಂದು ಪಾಲು. ಗಲಾಟೆ ಇಲ್ಲ, ಸುತ್ತ ಮರಗಳು, ಮೊದಲ ವರ್ಷ ಕೈಯಲ್ಲಿ ದುಡ್ಡು ಉಳಿದಾಗ ಇಷ್ಟು ದಿನ ಸುಮ್ನೆ ನಗರದಲ್ಲಿ ಒದ್ದಾಡಿದೆವಲ್ಲ ಅನ್ನಿಸಿತು. ಎರಡನೇ ವರ್ಷ ನಮ್ಮ ಯಜಮಾನರಿಗೆ ಪಾರ್ಶ್ವವಾಯು ಹೊಡೆಯಿತು. ಬಾಯಿ ಒಂದು ಕಡೆ ವಾಲಿದ್ದು ನೋಡಿದ ಕೂಡಲೇ ನನಗೆ ಗೊತ್ತಾಯಿತು, ಆದರೆ ರಾತ್ರಿ ಹೊತ್ತು ಗಾಡಿ ಸಿಕ್ಕಿ, ಸ್ಕ್ಯಾನ್ ಇರುವ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಐದು ಗಂಟೆ ಕಳೆದಿತ್ತು. ಮೆದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಅನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು, ಒಳಗೆ ರಕ್ತಸ್ರಾವ ಆಗಿದ್ದರೆ ಅದೇ ಔಷಧಿ ಅಪಾಯ. ನಮಗೆ ಆ ಹೊತ್ತು ಮೀರಿತ್ತು. ಇವತ್ತಿಗೂ ಅವರ ಬಲಗೈಯಲ್ಲಿ ಹಿಡಿತ ಇಲ್ಲ.

ಅದಾದ ಮೇಲೆ ತಿಂಗಳಿಗೆ ಮೂರು ನಾಲ್ಕು ಸಲ ಆಸ್ಪತ್ರೆ ಓಡಾಟ. ಗಾಡಿ ಬಾಡಿಗೆ, ಅಲ್ಲೇ ಉಳಿದುಕೊಳ್ಳುವ ಖರ್ಚು, ಮಗ ರಜೆ ಹಾಕಿ ಬರುವ ಖರ್ಚು, ಎಲ್ಲ ಸೇರಿಸಿ ವರ್ಷದ ಕೊನೆಗೆ ನೋಡಿದರೆ ನಗರದಲ್ಲಿ ಇದ್ದಿದ್ದರೂ ಅಷ್ಟೇ ಆಗುತ್ತಿತ್ತು. ಈಗ ಒಂದು ಮಧ್ಯಮ ಊರಿನಲ್ಲಿದ್ದೇವೆ. ಬಾಡಿಗೆ ಆ ಮನೆಗಿಂತ ಜಾಸ್ತಿ, ಒಟ್ಟು ಖರ್ಚು ಕಡಿಮೆ. ನೀವು ತಿಂಗಳ ಲೆಕ್ಕ ಹಾಕಬೇಡಿ, ವರ್ಷದ ಲೆಕ್ಕ ಹಾಕಿ. ಆಸ್ಪತ್ರೆ ಇದೆ ಅಂದರೆ ಸಾಲದು. ರಾತ್ರಿ ಎರಡು ಗಂಟೆಗೆ ಸ್ಕ್ಯಾನ್ ಮಾಡುವವರು ಇರುತ್ತಾರಾ, ನರರೋಗದ ವೈದ್ಯರು ಕರೆದರೆ ಬರುತ್ತಾರಾ, ಹೋಗಿ ಕೇಳಿ. ಕೇಳಲು ಸಂಕೋಚ ಬೇಡ. 60ರ ನಿಮಗೆ ಯಾವ ಊರು ಚೆನ್ನ ಅಂತ ಯೋಚಿಸುವುದರ ಜೊತೆಗೆ 80ರ ನಿಮಗೆ ಅಲ್ಲಿ ಹೇಗಿರುತ್ತದೆ ಅಂತಲೂ ಯೋಚಿಸಿ.

*

ದುಡ್ಡಿನ ಕಡೆಯಿಂದ ಒಂದು ಮಾತು. ನಿಮ್ಮ ಪಿಂಚಣಿ ಬೆಲೆ ಏರಿದ ಹಾಗೆ ಏರುತ್ತದಾ, ಇಲ್ಲ ಕೊನೆತನಕ ಅಷ್ಟೇನಾ? ಮೊದಲು ಅದು ಗೊತ್ತಾಗಬೇಕು. 72ನ್ನು ಬೆಲೆ ಏರಿಕೆಯ ದರದಿಂದ ಭಾಗಿಸಿ, ಎಷ್ಟು ವರ್ಷಕ್ಕೆ ಖರ್ಚು ಎರಡರಷ್ಟು ಆಗುತ್ತದೆ ಅಂತ ಹೆಚ್ಚುಕಮ್ಮಿ ಸಿಗುತ್ತದೆ. ವರ್ಷಕ್ಕೆ ಶೇ 6 ಅಂದರೆ 12 ವರ್ಷ. 60ಕ್ಕೆ ಕೆಲಸ ಬಿಟ್ಟವರಿಗೆ 84 ಆಗುವಷ್ಟರಲ್ಲಿ ಅದೇ ಜೀವನಕ್ಕೆ ನಾಲ್ಕರಷ್ಟು ಬೇಕು. ಇವತ್ತು ಅಗ್ಗ ಅನ್ನಿಸುವ ಊರೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳುವುದಿಲ್ಲ, ಅಲ್ಲಿ ಬೆಲೆ ಇನ್ನೂ ಬೇಗ ಏರಲೂಬಹುದು.

ಉಳಿತಾಯದಿಂದ ಎಷ್ಟು ತೆಗೆಯಬಹುದು ಅನ್ನುವುದಕ್ಕೆ ಶೇ 4ರ ಲೆಕ್ಕ ಅಂತ ಒಂದಿದೆ. 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಅಲ್ಲಿನ ಷೇರು ಮತ್ತು ಬಾಂಡ್‌ಗಳ ಹಳೆಯ ಅಂಕಿಅಂಶ ನೋಡಿ ಹೇಳಿದ್ದು. ಮೊದಲ ವರ್ಷ ಒಟ್ಟು ಹಣದ ಶೇ 4 ತೆಗೆದು, ಆಮೇಲೆ ಪ್ರತಿ ವರ್ಷ ಬೆಲೆ ಏರಿದಷ್ಟು ಏರಿಸುತ್ತಾ ಹೋದರೂ 30 ವರ್ಷ ಹಣ ಮುಗಿಯದೆ ಬಂದಿತ್ತು. ಅದು ಅಮೆರಿಕದ ಲೆಕ್ಕ, ಬೇರೆ ದೇಶಕ್ಕೆ ಹಾಗೇ ಹಚ್ಚಬೇಡಿ. ಆದರೆ ಅದರಲ್ಲಿ ಊರು ಆರಿಸುವವರಿಗೆ ಒಂದು ಒಳ್ಳೆಯ ಸುಳಿವು ಇದೆ. ಶೇ 4 ಅಂದರೆ ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟಿರಬೇಕು ಅಂತ. ಅಂದರೆ ಊರು ಬದಲಾಯಿಸಿ ವರ್ಷಕ್ಕೆ ಒಂದು ಪಾಲು ಉಳಿಸಿದರೆ, ಕೂಡಿಡಬೇಕಾದ ಗಂಟು 25 ಪಾಲು ಚಿಕ್ಕದಾಗುತ್ತದೆ. ಅದಕ್ಕೇ ಹೇಳುತ್ತೇನೆ, ಊರು ಬದಲಾಯಿಸುವುದು ಒಳ್ಳೆಯ ಯೋಚನೆಯೇ. ಕೈಯಲ್ಲಿರುವ ಗಂಟನ್ನೆಲ್ಲ ಹಾಕಿ ಹೋದ ಕೂಡಲೇ ಅಲ್ಲಿ ಮನೆ ಮಾತ್ರ ಕೊಳ್ಳಬೇಡಿ. ಚಿಕ್ಕ ಊರಿನಲ್ಲಿ ಮನೆ ಕೊಳ್ಳುವುದು ಸುಲಭ, ಬೇಕೆಂದಾಗ ಮಾರುವುದು ಕಷ್ಟ. ನಮ್ಮದು ಹದಿನಾಲ್ಕು ತಿಂಗಳು ಮಾರಾಟವಾಗದೆ ಉಳಿದಿತ್ತು.

*

ಹೊರದೇಶದಲ್ಲಿ ಆರು ವರ್ಷ ಇದ್ದು ವಾಪಸ್ ಬಂದೆವು. ಅಲ್ಲಿನ ದಿನಗಳು ಚೆನ್ನಾಗಿದ್ದವು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಯಮ ನಮ್ಮ ಕೈಯಲ್ಲಿ ಇರುವುದಿಲ್ಲ. ಪೋರ್ಚುಗಲ್ ನೋಡಿ. 2009ರಲ್ಲಿ ಹೊರಗಿನಿಂದ ಬಂದವರಿಗೆ ತೆರಿಗೆ ರಿಯಾಯಿತಿ ತಂದಿತು. ಹೊರದೇಶದ ಪಿಂಚಣಿಗೆ ಹತ್ತು ವರ್ಷ ತೆರಿಗೆ ಇಲ್ಲ ಅಂತ ಎಷ್ಟೋ ಜನ ಹೋದರು. 2020ರಲ್ಲಿ ಹೊಸದಾಗಿ ಬರುವವರ ಪಿಂಚಣಿಗೆ ಶೇ 10 ತೆರಿಗೆ ಹಾಕಿದರು, 2024ರಿಂದ ಆ ಯೋಜನೆಯನ್ನೇ ಹೊಸಬರಿಗೆ ಮುಚ್ಚಿದರು. ನಿಮ್ಮ ಸ್ನೇಹಿತರು ಐದು ವರ್ಷದ ಹಿಂದೆ ಓದಿದ್ದು ಈಗ ಇರಬೇಕಾಗಿಲ್ಲ.

ನಿಮ್ಮ ದೇಶ ಏನು ಕೊಡುತ್ತದೆ, ಅದು ಗಡಿ ದಾಟಿದ ಮೇಲೂ ಬರುತ್ತದಾ ಅಂತಲೂ ನೋಡಿ. ಬ್ರಿಟನ್ನಿನವರು ಕೆನಡಾ, ಆಸ್ಟ್ರೇಲಿಯಾಗೆ ಹೋಗಿ ನೆಲೆಸಿದರೆ ಅವರ ಸರ್ಕಾರಿ ಪಿಂಚಣಿ ವರ್ಷ ವರ್ಷ ಏರುವುದು ನಿಂತುಹೋಗುತ್ತದೆ. ಅಮೆರಿಕದ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಸಾಮಾನ್ಯವಾಗಿ ಆ ದೇಶದ ಹೊರಗೆ ನಡೆಯುವುದಿಲ್ಲ. ಹಲವು ದೇಶಗಳಲ್ಲಿ ವರ್ಷಕ್ಕೆ 183 ದಿನ ಇದ್ದರೆ ತೆರಿಗೆಗೆ ನೀವು ಅಲ್ಲಿಯವರೇ ಆಗುತ್ತೀರಿ. ವೀಸಾ ಒಮ್ಮೆ ಸಿಕ್ಕಿದರೆ ಮುಗಿಯಿತು ಅಂತಲೂ ಅಲ್ಲ. ಥಾಯ್ಲೆಂಡಿನ ನಿವೃತ್ತಿ ವೀಸಾ 50 ದಾಟಿದವರಿಗೆ ಸಿಗುತ್ತದೆ, ಆದರೆ ಬ್ಯಾಂಕಿನಲ್ಲಿ ಹಣ ಅಥವಾ ತಿಂಗಳ ಆದಾಯ ಇದೆ ಅಂತ ತೋರಿಸಿ ವರ್ಷ ವರ್ಷ ನವೀಕರಿಸಬೇಕು. ನಮಗೆ ವಾಪಸ್ ಬರುವಂತೆ ಮಾಡಿದ್ದು ಇದ್ಯಾವುದೂ ಅಲ್ಲ. ಆರೋಗ್ಯ ವಿಮೆ. 70 ಹತ್ತಿರ ಬಂದ ಹಾಗೆ ಕಂತು ಏರುತ್ತಲೇ ಹೋಯಿತು, ಹಳೆಯ ಕಾಯಿಲೆಗೆ ಕೊಡುವುದಿಲ್ಲ ಅಂದರು, ಅಗ್ಗದ ಜೀವನದಲ್ಲಿ ಉಳಿದದ್ದೆಲ್ಲ ಅಲ್ಲಿಗೇ ಹೋಗತೊಡಗಿತು.

*

ಗುಡ್ಡವೋ ಸಮುದ್ರವೋ ಅಂತ ಕೇಳಿದಿರಿ. ಮಂಡಿ ನೋವಿನವರಿಗೆ ಗುಡ್ಡದ ಊರಿನ ಏರು ಇಳುಕಲು ದಿನಾ ಕಷ್ಟ, ಅದರಲ್ಲೂ ಇಳಿಯುವುದು. ತುಂಬ ಎತ್ತರ ಇದ್ದರೆ ಇನ್ನೊಂದು ವಿಷಯ. 2,500 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಮುಕ್ಕಾಲು ಭಾಗದಷ್ಟೇ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೋಗಬಾರದು. ಸಮುದ್ರದ ಹತ್ತಿರ ಉಪ್ಪುಗಾಳಿಗೆ ಕಿಟಕಿ ಸರಳು, ಬೀಗ, ಫ್ರಿಜ್ ಎಲ್ಲ ಬೇಗ ತುಕ್ಕು ಹಿಡಿಯುತ್ತವೆ, ರಿಪೇರಿ ಖರ್ಚು ನಿಲ್ಲುವುದಿಲ್ಲ. ಎಲ್ಲಿಗೇ ಹೋಗಿ, ಆ ಊರಿನ ಅತಿ ಕೆಟ್ಟ ಕಾಲದಲ್ಲಿ ಮೂರು ತಿಂಗಳು ಬಾಡಿಗೆಗೆ ಇದ್ದು ನೋಡಿ. ಎಲ್ಲರೂ ಹವೆ ಚೆನ್ನಾಗಿದ್ದಾಗಲೇ ಹೋಗಿ ನೋಡುತ್ತಾರೆ, ನಾವೂ ಅದೇ ತಪ್ಪು ಮಾಡಿದೆವು.

*

ನಾನು ಒಂದೇ ವಿಷಯ ಸೇರಿಸುತ್ತೇನೆ. ಬಂದು ಮೂರನೇ ವರ್ಷಕ್ಕೆ ನನ್ನ ಹೆಂಡತಿ ತೀರಿಕೊಂಡಳು. ಗಾಡಿ ಓಡಿಸುತ್ತಿದ್ದವಳು ಅವಳು. ಅಕ್ಕಪಕ್ಕದವರ ಜೊತೆ ಮಾತು, ಒಡನಾಟ ಎಲ್ಲ ಅವಳದೇ. ಇಬ್ಬರಿಗೂ ಸರಿಹೊಂದುವ ಊರು ಅಂತ ನೋಡಿದ್ದೆವು, ಒಬ್ಬರೇ ಉಳಿದರೆ ಹೇಗೆ ಅಂತ ಒಂದು ದಿನವೂ ಮಾತಾಡಿರಲಿಲ್ಲ. ಔಷಧಿ ತರಲು ಕೂಡ ಯಾರನ್ನಾದರೂ ಕೇಳಬೇಕಾಗಿತ್ತು. ಈಗ ಬಸ್ ನಿಲ್ದಾಣದ ಹತ್ತಿರ, ನಡೆದು ಹೋಗುವಷ್ಟು ದೂರದಲ್ಲಿ ಗ್ರಂಥಾಲಯ ಇರುವ ಕಡೆ ಚಿಕ್ಕ ಮನೆ ಮಾಡಿದ್ದೇನೆ. ನೀವಿಬ್ಬರೂ ಇವತ್ತು ಸಂಜೆ ಕೂತು ಆ ಮಾತು ಆಡಿ, ಕಷ್ಟ ಆದರೂ.

*

ಎಲ್ಲರಿಗೂ ಧನ್ಯವಾದ, ಮನಸ್ಸು ತುಂಬಿ ಬಂತು. ಕೊನೆಯ ಉತ್ತರ ಓದಿ ನಿನ್ನೆ ರಾತ್ರಿ ನಾವಿಬ್ಬರೂ ತುಂಬ ಹೊತ್ತು ಮಾತಾಡಿದೆವು. ಅವಳಿಗೆ ಗಾಡಿ ಓಡಿಸಲು ಬರುವುದಿಲ್ಲ, ನನಗೆ ಮನೆ ಲೆಕ್ಕದ ಗಂಧವಿಲ್ಲ. ಹೊರದೇಶದ ಯೋಚನೆ ಬಿಟ್ಟೆವು. ಮಗಳ ಊರಿನಿಂದ ಎರಡು ಗಂಟೆ ದೂರದ ಒಂದು ಮಧ್ಯಮ ಊರು ಗುರುತು ಮಾಡಿದ್ದೇವೆ, ಸಮತಟ್ಟಾದ ಜಾಗ, ಬಸ್ ಇದೆ. ಮಳೆಗಾಲದಲ್ಲಿ ರಜೆ ಹಾಕಿ ನೆಲಮಹಡಿಯ ಮನೆ ಬಾಡಿಗೆಗೆ ಹಿಡಿದು ಇದ್ದು ಬರುತ್ತೇವೆ. ಅಲ್ಲಿನ ಆಸ್ಪತ್ರೆಗೆ ನಾಳೆಯೇ ಫೋನ್ ಮಾಡುತ್ತೇನೆ. ಸ್ಕ್ಯಾನ್ ಬಿಟ್ಟು ಇನ್ನೇನು ಕೇಳಬೇಕು, ಗೊತ್ತಿದ್ದವರು ತಿಳಿಸಿ.