ಸಹಾಯ ಬೇಕು: ಜಗಳಾನೂ ಇಲ್ಲ, ಮಾತೂ ಇಲ್ಲ

ಎಲ್ರಿಗೂ ನಮಸ್ಕಾರ. ಮದ್ವೆಯಾಗಿ 7 ವರ್ಷ, ಬೆಂಗಳೂರಲ್ಲಿದೀವಿ, 4 ವರ್ಷದ ಮಗಳಿದಾಳೆ. ನಮ್ಮೆಜಮಾನ್ರದ್ದು ಸೆಕೆಂಡ್ ಶಿಫ್ಟು, ಮಧ್ಯಾಹ್ನ 1ಕ್ಕೆ ಹೊರಟ್ರೆ ಬರೋದು ರಾತ್ರಿ 12, ನಾನು ಬೆಳಿಗ್ಗೆ 8ಕ್ಕೇ ಆಫೀಸಿಗೆ. ಒಳ್ಳೆಯವ್ರು, ಕುಡಿಯಲ್ಲ, ಬೈಯಲ್ಲ. ಆದ್ರೆ ನಮ್ಮ ಮಾತೆಲ್ಲಾ ವಾಟ್ಸಾಪಲ್ಲಿ "ಹಾಲು ತಗೊಂಡ್ಯಾ", "ಇಎಂಐ ಕಟ್ಟಾಯ್ತು" ಅಷ್ಟೇ. ರಾತ್ರಿ ಬಂದು ಲೈಟೂ ಹಾಕದೆ ಹಾಟ್‌ಬಾಕ್ಸ್ ತೆಗ್ದು ನಿಂತ್ಕೊಂಡೇ ಊಟ ಮಾಡ್ತಾರೆ, ಮಗು ಎದ್ಬಿಡತ್ತೆ ಅಂತ ತಟ್ಟೆನೂ ಸದ್ದಾಗದ ಹಾಗೆ ತೊಳೀತಾರೆ, ನಾನು ಎಚ್ಚರವಾಗೇ ಇರ್ತೀನಿ, ಕರುಳು ಚುರ್ ಅನ್ನತ್ತೆ.

ಒಂದು ತಿಂಗಳು ಕಾದು ಕೂತು ಜೊತೆಗೇ ಊಟ ಮಾಡ್ದೆ, ಬೆಳಿಗ್ಗೆ ಏಳೋಕಾಗದೆ ಆಫೀಸಿಗೆ ಲೇಟಾಗೋಯ್ತು, ಅವ್ರೇ "ನಿದ್ದೆಗೆಡಬೇಡ, ಮಲ್ಕೋ" ಅಂದ್ರು. ಭಾನುವಾರ ಲಾಲ್‌ಬಾಗ್‌ಗೆ ಹೋದ್ವಿ, ಮಗು ಹಿಂದೆ ಓಡೋದ್ರಲ್ಲೇ ಮುಗೀತು. ಶಿಫ್ಟ್ ಚೇಂಜ್ ಕೇಳಿದ್ರು, ಸದ್ಯಕ್ಕಾಗಲ್ಲ ಅಂದ್ರಂತೆ. ಅಮ್ಮನ ಹತ್ರ ಹೇಳ್ಕೊಂಡ್ರೆ "ಇಷ್ಟು ಒಳ್ಳೆ ಗಂಡ, ಇನ್ನೇನ್ ಬೇಕಮ್ಮಾ" ಅಂತಾರೆ.

ನಿಮ್ಹಾನ್ಸ್‌ನಲ್ಲಿ ಗಂಡ ಹೆಂಡ್ತಿ ಒಟ್ಟಿಗೆ ಹೋಗಿ ಮಾತಾಡೋಕೆ ಫ್ಯಾಮಿಲಿ ವಿಭಾಗ ಇದೆ ಅಂತ ಗೊತ್ತು. ಆದ್ರೆ ಅವ್ರ ಹತ್ರ ಹೇಗೆ ಹೇಳೋದು, ತನ್ನದೇ ತಪ್ಪು ಅಂತಿದಾಳೆ ಅಂದ್ಕೊಂಡ್ರೆ?

ಇದೇ ಥರ ಬೇರೆಬೇರೆ ಶಿಫ್ಟಲ್ಲಿರೋರು ದಿನದಲ್ಲಿ ಯಾವ ಹೊತ್ತನ್ನ ನಿಮ್ಮಿಬ್ರಿಗೇ ಅಂತ ಇಟ್ಕೊಂಡಿದೀರಾ? ಕೌನ್ಸೆಲಿಂಗ್ ವಿಷ್ಯ ನೋವಾಗದ ಹಾಗೆ ಮನೆಯವ್ರ ಹತ್ರ ಹೇಗೆ ತೆಗೆದ್ರಿ?