ಪದಚರ್ಚೆ: ಮನೆಯಲ್ಲಿ ಕಾರ್ ಚಾರ್ಜಿಂಗಿಗೆ ಯಾವ ‘ಟಾರಿಫ್’? ಸುಂಕವೋ, ದರವೋ, ಧಾರಣೆಯೋ?

ಬಳಗಕ್ಕೆ ನಮಸ್ಕಾರ.

ಮನೆಯಲ್ಲೇ ಎಲೆಕ್ಟ್ರಿಕ್ ಕಾರನ್ನು ಚಾರ್ಜ್ ಮಾಡಿಕೊಳ್ಳುವವರು ಯಾವ ವಿದ್ಯುತ್ ಟಾರಿಫ್ ಆರಿಸಿಕೊಂಡರೆ ಅನುಕೂಲ ಎಂಬುದರ ಬಗ್ಗೆ ಕನ್ನಡದಲ್ಲಿ ಒಂದು ಕಿರುಕೈಪಿಡಿ ಬರೆಯುತ್ತಿದ್ದೇನೆ. ಓದುವವರು ಎಂಜಿನಿಯರುಗಳಲ್ಲ, ಬಿಲ್ ಬಂದಾಗ ಕೊನೆಯ ಸಾಲಿನ ಮೊತ್ತ ನೋಡಿ ಮಡಚಿಡುವ ಮಂದಿ. ವಿಷಯವೇನೂ ಕಷ್ಟದ್ದಲ್ಲ, ಪದಗಳೇ ಕೈಕೊಡುತ್ತಿವೆ. ಕೆಲವಕ್ಕೆ ನನ್ನದೇ ತೀರ್ಮಾನ ಇದೆ, ಕೆಲವಕ್ಕೆ ನಿಮ್ಮ ಮಾತು ಬೇಕು.

ಮೊದಲು ‘ಟಾರಿಫ್’ ಅನ್ನೇ ತೆಗೆದುಕೊಳ್ಳೋಣ. ಯಂತ್ರಾನುವಾದವೂ ಅದನ್ನೇ ನೆಚ್ಚಿದ ಜಾಲತಾಣಗಳೂ ಕಣ್ಣುಮುಚ್ಚಿ ‘ವಿದ್ಯುತ್ ಸುಂಕ’ ಎನ್ನುತ್ತಿವೆ. ಗಡಿ ದಾಟುವ ಸರಕಿನ ಮೇಲೆ ಆಳುವವರು ಎತ್ತುವ ಹಣ ಸುಂಕ. ಅದನ್ನು ಕಟ್ಟುವವನಿಗೆ ಆಯ್ಕೆಯೇ ಇಲ್ಲ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂದು ಗಾದೆಯೇ ಸಾರುತ್ತದೆ. ‘ನಿಮ್ಮ ಮನೆಗೆ ಹೊಂದುವ ಸುಂಕವನ್ನು ಆರಿಸಿಕೊಳ್ಳಿ’ ಎಂದು ಬರೆದರೆ ಓದುವವರು ನಕ್ಕಾರು. ಸುಂಕ ಎಂಬುದು ಶುಲ್ಕದ ತದ್ಭವವೇ ಆದರೂ ಇವತ್ತು ಎರಡರ ದಾರಿ ಬೇರೆಬೇರೆ. ಶುಲ್ಕ ಎಂದರೆ ಒಂದು ಸೇವೆಗೆ ಕೊಡುವ ಹಣ. ಬಿಲ್ಲಿನ ಒಂದೊಂದು ಸಾಲಿಗೆ ಅದು ಒಪ್ಪುತ್ತದೆ, ಇಡೀ ಬಿಲ್ಲಿನ ಹಿಂದಿರುವ ಲೆಕ್ಕಕ್ಕೆ ಸಾಲದು. ಇನ್ನು ದರ ಎಂದರೆ ಯೂನಿಟ್ಟಿಗೆ ಇಷ್ಟು ಎಂಬುದಷ್ಟೇ. ಟಾರಿಫ್ ಎಂಬುದರಲ್ಲಿ ದರಗಳೂ ಇರುತ್ತವೆ, ಶುಲ್ಕಗಳೂ ಇರುತ್ತವೆ, ಯಾವ ಹೊತ್ತಿಗೆ ಯಾವ ದರ ಎಂಬ ಕಟ್ಟಳೆ, ಲೋಡಿನ (ಮನೆ ಒಮ್ಮೆಗೆ ಎಳೆಯಬಹುದಾದ ವಿದ್ಯುತ್ತಿನ) ಮಿತಿ, ಕರಾರಿನ ಅವಧಿ ಎಲ್ಲವೂ ಇರುತ್ತವೆ.

ಪದದ ಮೂಲ ಅರಬ್ಬಿ, ತಿಳಿಯಪಡಿಸುವುದು ಎಂಬ ಅರ್ಥ. ಇಟಾಲಿಯನ್ ದಾರಿಯಾಗಿ ಅದು ಇಂಗ್ಲಿಷಿಗೆ ಹೋಯಿತು. ಅದೇ ಅರಬ್ಬಿ ಧಾತುವಿನ ‘ತಾರೀಫು’ ಉರ್ದುವಿನ ಮೂಲಕ ನಮಗೂ ಬಂದಿದೆ. ಬಿಲ್ ನೋಡಿ ತಾರೀಫು ಮಾಡಿದವರನ್ನು ಮಾತ್ರ ನಾನು ಕಂಡಿಲ್ಲ. ಪ್ರಕಟವಾಗುವ ಪಟ್ಟಿಗೆ ‘ದರಪಟ್ಟಿ’, ಅದರಲ್ಲಿ ಗ್ರಾಹಕ ಆರಿಸಿಕೊಳ್ಳುವ ಒಂದಕ್ಕೆ ‘ದರಯೋಜನೆ’ ಎಂದು ಬರೆಯುವುದಾಗಿ ನಿರ್ಧರಿಸಿದ್ದೇನೆ. ಮೊಬೈಲಿನಿಂದ ರೂಢಿಯಾದ ‘ಪ್ಲಾನ್’ ಎಂದು ಯಾರಾದರೂ ಅಂದರೆ ಅದಕ್ಕೂ ನನ್ನ ತಕರಾರಿಲ್ಲ. ಸುಂಕಕ್ಕೆ ಮಾತ್ರ ಒಪ್ಪುವುದಿಲ್ಲ.

‘ಚಾರ್ಜ್’ ಎಂಬುದನ್ನು ಬೇಗ ಮುಗಿಸಿಬಿಡುತ್ತೇನೆ. ‘ಚಾರ್ಜ್ ಎಷ್ಟಾಯ್ತು?’ ಎಂದು ಕೇಳಿದರೆ ಒಬ್ಬರು ಎಂಬತ್ತು ಪರ್ಸೆಂಟ್ ಎನ್ನುತ್ತಾರೆ, ಇನ್ನೊಬ್ಬರು ಬಿಲ್ಲಿನ ಮೊತ್ತ ಹೇಳುತ್ತಾರೆ. ಹಾಗಾಗಿ ಕೈಪಿಡಿಯಲ್ಲಿ ಚಾರ್ಜ್ ಬ್ಯಾಟರಿಗೆ ಮಾತ್ರ ಮೀಸಲು, ಹಣಕ್ಕೆ ಎಲ್ಲ ಕಡೆಯೂ ಶುಲ್ಕ. ಚಾರ್ಜಿಗೆ ಹಾಕು, ಚಾರ್ಜ್ ಏರು, ಚಾರ್ಜ್ ಇಳಿ, ಚಾರ್ಜ್ ನಿಲ್ಲುತ್ತಿಲ್ಲ ಎಂದು ನಮ್ಮ ಕ್ರಿಯಾಪದಗಳು ಆಗಲೇ ಅದನ್ನು ಒಳಗೆ ಕರೆದುಕೊಂಡಿರುವಾಗ ‘ವಿದ್ಯುತ್ ಪೂರಣ’ದಂಥ ಪದ ಯಾರಿಗೂ ಬೇಡ.

ನಿಜವಾದ ತೊಡಕು ‘ಫಿಕ್ಸೆಡ್’ನಲ್ಲಿದೆ. ಈ ಒಂದೇ ಮಾತಿನ ನೆರಳಲ್ಲಿ ಮೂರು ಬೇರೆಬೇರೆ ಸಂಗತಿಗಳು ಕೂತಿವೆ. ನೀವು ಒಂದು ಯೂನಿಟ್ ಸುಡದಿದ್ದರೂ ತಿಂಗಳು ತಿಂಗಳು ಕಟ್ಟಬೇಕಾದ ಹಣ ಒಂದು. ಹಗಲಿರಲಿ ರಾತ್ರಿಯಿರಲಿ ಯೂನಿಟ್ಟಿಗೆ ಒಂದೇ ಬೆಲೆ ಎಂಬುದು ಇನ್ನೊಂದು. ಕರಾರಿನ ಅವಧಿ ಮುಗಿಯುವವರೆಗೆ ದರ ಏರಿಸುವುದಿಲ್ಲ ಎಂಬ ಭರವಸೆ ಮೂರನೆಯದು. ಕನ್ನಡದಲ್ಲಿ ಈ ಮೂರಕ್ಕೂ ‘ನಿಗದಿತ ದರ’ ಎಂದೇ ಬರೆದದ್ದನ್ನು ನೋಡಿದ್ದೇನೆ. ಕಾರಿಟ್ಟುಕೊಂಡವರಿಗೆ ಇದು ದುಬಾರಿ ಗೊಂದಲ. ಅವಧಿಯುದ್ದಕ್ಕೂ ಬದಲಾಗದ ದರಯೋಜನೆಯಲ್ಲೂ ರಾತ್ರಿಗೊಂದು ಸಂಜೆಗೊಂದು ಬೆಲೆ ಇರಬಹುದು. ಹೊತ್ತಿಗೆ ತಕ್ಕಂತೆ ಬದಲಾಗದ ದರವನ್ನೂ ಮುಂದಿನ ವರ್ಷ ಏರಿಸಬಹುದು.

ಮೊದಲನೆಯದಕ್ಕೆ ‘ನಿಗದಿತ ಶುಲ್ಕ’ ಎಂಬುದು ಬಿಲ್ಲುಗಳಲ್ಲಿ ಈಗಾಗಲೇ ನೆಲೆಯಾಗಿದೆ, ಇರಲಿ. 1892ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಜಾನ್ ಹಾಪ್ಕಿನ್ಸನ್ ವಿದ್ಯುತ್ ಪೂರೈಕೆಯ ಖರ್ಚಿನ ಬಗ್ಗೆ ಮಾತಾಡುತ್ತಾ, ಆ ಖರ್ಚಿನ ದೊಡ್ಡ ಪಾಲು ಗಿರಾಕಿ ಗುಂಡಿ ಒತ್ತಿದ ಕೂಡಲೇ ಕೊಡಲು ಸಿದ್ಧವಾಗಿರುವುದಕ್ಕೇ ಹೋಗುತ್ತದೆ, ಆದ್ದರಿಂದ ಬೆಲೆಯನ್ನೂ ಎರಡು ಭಾಗ ಮಾಡಬೇಕು ಎಂದು ವಾದಿಸಿದ. ನಮ್ಮ ಬಿಲ್ಲಿನ ಎರಡು ಸಾಲುಗಳ ಬೇರು ಅಲ್ಲಿದೆ. ಹಾಗೆ ನೋಡಿದರೆ ಇದು ‘ಸಿದ್ಧತಾ ಶುಲ್ಕ’. ಆದರೆ ರೂಢಿಯ ಪದವನ್ನು ಅಲ್ಲಾಡಿಸುವಷ್ಟು ಕಾರಣ ನನಗೆ ಕಾಣುತ್ತಿಲ್ಲ. ಎರಡನೆಯದಕ್ಕೆ ‘ಏಕದರ’ ಎಂದುಕೊಂಡಿದ್ದೇನೆ. ಮೂರನೆಯದಕ್ಕೆ ಚಿಕ್ಕ ಪದವೇ ಸಿಗುತ್ತಿಲ್ಲ, ‘ಕರಾರು ಮುಗಿಯುವವರೆಗೆ ಏರದ ದರ’ ಎಂದು ಬಿಡಿಸಿ ಬರೆದಿದ್ದೇನೆ. ಯಾರಿಗಾದರೂ ಹೊಳೆದರೆ ತಿಳಿಸಿ.

ಯೂನಿಟ್ ಬಗ್ಗೆ ಹೇಳುವುದಾದರೆ, ಅದನ್ನು ಬಿಟ್ಟು ‘ಕಿಲೋವ್ಯಾಟ್-ಗಂಟೆ’ ಎಂದೇ ಬರೆಯಬೇಕೆಂಬ ಒತ್ತಾಯ ಕೆಲವರದು. ಸಮಾಸದಲ್ಲಿ ವಿಭಕ್ತಿ ಉದುರಿಹೋಗುವುದರಿಂದ ಬಹಳ ಮಂದಿ ಅದನ್ನು ‘ಗಂಟೆಗೆ ಇಷ್ಟು ಕಿಲೋವ್ಯಾಟ್’ ಎಂದು ಓದಿಬಿಡುತ್ತಾರೆ. ಕಿಲೋವ್ಯಾಟ್ ಎಂಬುದೇ ವಿದ್ಯುತ್ ಬಳಕೆಯ ವೇಗವನ್ನು ಹೇಳುವ ಅಳತೆ, ಅದಕ್ಕೆ ಮತ್ತೆ ಗಂಟೆಯ ಬಾಲ ಬೇಕಿಲ್ಲ. ಒಂದು ಕಿಲೋವ್ಯಾಟ್ ಎಳೆಯುವ ಸಾಧನ ಒಂದು ಗಂಟೆ ನಡೆದರೆ ಒಂದು ಯೂನಿಟ್. ಈ ಬಳಕೆಯೂ ನಿನ್ನೆ ಮೊನ್ನೆಯದಲ್ಲ, ಬ್ರಿಟನ್ನಿನ ಹಳೆಯ ‘ಬೋರ್ಡ್ ಆಫ್ ಟ್ರೇಡ್ ಯೂನಿಟ್’ ಎಂಬುದರ ಉಳಿಕೆ. ಅದನ್ನೇ ಉಳಿಸಿಕೊಂಡಿದ್ದೇನೆ.

ವೇಗ ಮತ್ತು ಮೊತ್ತ ಎರಡೂ ಬೇರೆಬೇರೆ ಎಂಬುದು ಓದುಗರ ತಲೆಗೆ ಇಳಿಯದಿದ್ದರೆ ದರಯೋಜನೆಯ ಆಯ್ಕೆಯೇ ತಪ್ಪುತ್ತದೆ. 40 ಯೂನಿಟ್ ಹಿಡಿಯುವ ಬ್ಯಾಟರಿಯನ್ನು 20ರಿಂದ 80 ಪರ್ಸೆಂಟಿಗೆ ಏರಿಸಲು 24 ಯೂನಿಟ್ ಬೇಕು. ಬಿಸಿಯಾಗಿ ಹೋಗುವ ಹತ್ತರಲ್ಲೊಂದು ಪಾಲನ್ನು ಸೇರಿಸಿಕೊಂಡರೆ ಮೀಟರಿನಲ್ಲಿ 26-27 ತೋರಿಸುತ್ತದೆ. ಗೋಡೆಯ ಪವರ್ ಸಾಕೆಟ್ಟಿನಿಂದ 3 ಕಿಲೋವ್ಯಾಟ್‌ನಂತೆ ಎಳೆದರೆ ಸುಮಾರು 9 ಗಂಟೆ ಹಿಡಿಯುತ್ತದೆ. ಅಗ್ಗದ ಅವಧಿ 8 ಗಂಟೆಯದಾದರೆ ಕೊನೆಯ ಒಂದು ಗಂಟೆ ಹೊರಗೆ ಚಾಚಿಕೊಳ್ಳುತ್ತದೆ. 230 ವೋಲ್ಟಿನಲ್ಲಿ 32 ಆಂಪಿಯರ್ ಎಳೆಯುವ, ಅಂದರೆ 7.4 ಕಿಲೋವ್ಯಾಟಿನ ಚಾರ್ಜರ್ ಇದ್ದು, ಕಾರಿನೊಳಗಿನ ಚಾರ್ಜರೂ ಅಷ್ಟನ್ನು ತೆಗೆದುಕೊಳ್ಳುವುದಾದರೆ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ. ಆದರೆ ಅದಕ್ಕಾಗಿ ಮನೆಯ ಲೋಡ್ ಹೆಚ್ಚಿಸಬೇಕಾದೀತು, ನಿಗದಿತ ಶುಲ್ಕ ಲೋಡಿಗೆ ತಕ್ಕಂತೆ ಇರುವ ಕಡೆ ಅದೂ ಏರುತ್ತದೆ. ಇಲ್ಲಿ ಲೋಡ್‌ಗೆ ‘ಹೊರೆ’ ಎಂದು ಬರೆದರೆ ಸಾಲದ ಹೊರೆ, ತೆರಿಗೆಯ ಹೊರೆ ನೆನಪಾಗುತ್ತದೆ. ‘ಲೋಡ್ ಜಾಸ್ತಿ ಮಾಡಿಸಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಹಾಗೇ ಬಿಟ್ಟಿದ್ದೇನೆ.

ಬಳಕೆ ಇಷ್ಟು ಯೂನಿಟ್ ದಾಟಿದರೆ ಬೇರೆ ಬೆಲೆ ಎನ್ನುವ ಸ್ಲ್ಯಾಬಿಗೆ ‘ಹಂತ’ ಸಾಕು. ಆದರೆ ಒಂದು ಸೂಕ್ಷ್ಮ ಇದೆ. ಯೂನಿಟ್ಟಿಗೆ 6 ಕಿಲೋಮೀಟರ್ ಓಡುವ ಕಾರು ತಿಂಗಳಿಗೆ 900 ಕಿಲೋಮೀಟರ್ ಓಡಿದರೆ 150 ಯೂನಿಟ್, ನಷ್ಟ ಸೇರಿ ಮೀಟರಿನಲ್ಲಿ 165ರ ಆಸುಪಾಸು. ಮನೆಯ ಮಾಮೂಲಿ ಬಳಕೆ ಕೆಳಗಿನ ಹಂತಗಳನ್ನು ತುಂಬಿಬಿಟ್ಟಿದ್ದರೆ ಕಾರಿನ ಯೂನಿಟ್ಟುಗಳೆಲ್ಲ ಮೇಲಿನ ಹಂತದ ಬೆಲೆಗೇ ಬೀಳುತ್ತವೆ. ಆಗ ಇಡೀ ಬಿಲ್ಲಿನ ಸರಾಸರಿ ಹಿಡಿದು ಕಾರಿನ ಖರ್ಚು ಲೆಕ್ಕ ಹಾಕಿದರೆ ಮೋಸಹೋಗುತ್ತೇವೆ. ಹಂತ ದಾಟಿದಾಗ ದಾಟಿದ ಯೂನಿಟ್ಟುಗಳಿಗಷ್ಟೇ ಹೊಸ ಬೆಲೆಯೋ, ಮೊದಲ ಯೂನಿಟ್ಟಿನಿಂದಲೇ ಹೊಸ ಬೆಲೆಯೋ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ‘200 ದಾಟಿದರೆ ಈ ದರ’ ಎಂಬ ಕನ್ನಡ ವಾಕ್ಯ ಎರಡನ್ನೂ ಹೇಳುತ್ತದೆ. ‘200ರ ಮೇಲಿನ ಯೂನಿಟ್ಟುಗಳಿಗೆ’ ಅಥವಾ ‘200 ದಾಟಿದರೆ ಎಲ್ಲ ಯೂನಿಟ್ಟುಗಳಿಗೂ’ ಎಂದು ಬಿಡಿಸಿಯೇ ಬರೆಯಬೇಕು. ಇಲ್ಲಿ ಹೊಸ ಪದದ ಅಗತ್ಯವಿಲ್ಲ, ವಿಭಕ್ತಿಯೇ ಕೆಲಸ ಮಾಡುತ್ತದೆ.

ಇನ್ನು ‘ಪೀಕ್’ ಮತ್ತು ‘ಆಫ್-ಪೀಕ್’, ಅಂದರೆ ವಿದ್ಯುತ್ತಿಗೆ ಬೇಡಿಕೆ ಏರಿರುವ ಹೊತ್ತು ಮತ್ತು ಇಳಿದಿರುವ ಹೊತ್ತು. ‘ಗರಿಷ್ಠ ಅವಧಿ’ ಎಂದು ಬರೆದವರಿದ್ದಾರೆ. ಹಾಗೆಂದರೆ ಅತಿ ಉದ್ದದ ಅವಧಿ ಎಂದಾಗುತ್ತದೆ. ‘ದಟ್ಟಣೆ ಅವಧಿ’ ಎಂದರೆ ರಸ್ತೆ ಕಣ್ಮುಂದೆ ಬರುತ್ತದೆ. ಪರಿಚಿತರೊಬ್ಬರು ‘ಏರುಹೊತ್ತು, ಇಳಿಹೊತ್ತು’ ಎಂದು ಸೂಚಿಸಿದರು. ಕಿವಿಗೆ ಇಂಪಾಗಿದೆ, ಅಚ್ಚಗನ್ನಡವೂ ಹೌದು. ಆದರೆ ಆ ಪದಗಳಿಗೆ ಆಗಲೇ ಅರ್ಥವಿದೆ. ಸೂರ್ಯ ಮೇಲೇರುವ ಬೆಳಗಿನ ಹೊತ್ತು ಏರುಹೊತ್ತು, ಬಾಗುವ ಹೊತ್ತು ಇಳಿಹೊತ್ತು. ವಿದ್ಯುತ್ ಬೇಡಿಕೆ ಬಹಳ ಕಡೆ ತಲೆಯೆತ್ತುವುದು ಸಂಜೆ, ದೀಪ ಹಚ್ಚಿ ಒಲೆ ಹೊತ್ತಿಸುವಾಗ. ಅಂದರೆ ಬೆಲೆ ಏರುವುದೇ ಇಳಿಹೊತ್ತಿನಲ್ಲಿ! ಪದ ನಂಬಿದವರು ಸರಿಯಾಗಿ ತಪ್ಪು ಹೊತ್ತಿಗೇ ಕಾರನ್ನು ಚಾರ್ಜಿಗೆ ಹಾಕುತ್ತಾರೆ.

‘ರಾತ್ರಿ ದರ’ ಎಂಬುದೂ ಎಲ್ಲ ಕಡೆ ನಿಲ್ಲುವುದಿಲ್ಲ. ಸೌರವಿದ್ಯುತ್ ಹೇರಳವಾಗಿರುವ ಜಾಲಗಳಲ್ಲಿ ನಡುಹಗಲೇ ಅಗ್ಗ. ಅದಕ್ಕೇ ನನ್ನ ಒಲವು ‘ಅಗ್ಗದ ಹೊತ್ತು, ದುಬಾರಿ ಹೊತ್ತು’ ಎಂಬುದರ ಕಡೆ, ಮಧ್ಯದ್ದಕ್ಕೆ ‘ನಡುದರದ ಹೊತ್ತು’. ಹೊತ್ತಿಗೊಂದು ಬೆಲೆ ಎನ್ನುವ ಇಡೀ ಪದ್ಧತಿಗೆ ‘ಹೊತ್ತಿನ ದರ’. ಅಗ್ಗ ಎಂಬುದಕ್ಕೆ ಕೀಳು ಎಂಬ ಛಾಯೆ ಇದೆ, ಕಚೇರಿಯ ಕಾಗದಕ್ಕೆ ಹೊಂದದು ಎಂಬ ಆಕ್ಷೇಪ ಬಂದಿದೆ. ಕಾಗದಕ್ಕೆ ಹೊಂದದಿದ್ದರೂ ಗೃಹಸ್ಥರಿಗೆ ಹೊಂದುತ್ತದೆ. ಜೊತೆಗೆ, ಈ ಹೆಸರು ಇನ್ನರ್ಧ ಸತ್ಯವನ್ನೂ ಮುಚ್ಚಿಡುವುದಿಲ್ಲ. ಅಗ್ಗದ ಹೊತ್ತು ಇರುವ ಯೋಜನೆಯಲ್ಲಿ ದುಬಾರಿ ಹೊತ್ತೂ ಇರುತ್ತದೆ, ಕಾರು ರಾತ್ರಿ ಉಳಿಸಿದ್ದನ್ನು ಸಂಜೆಯ ಅಡುಗೆ, ಗೀಸರ್, ಎಸಿ ತಿಂದುಹಾಕಬಹುದು. ಕಾರೊಂದನ್ನೇ ನೋಡಿ ಆರಿಸಬೇಡಿ, ಮನೆಯೆಲ್ಲದರ ಯೂನಿಟ್ಟುಗಳನ್ನು ಹೊತ್ತುವಾರು ನೋಡಿ ಎಂದು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ.

ಹೊತ್ತಿನ ಜೊತೆಗೇ ವಾರದ ತೊಡಕೂ ಇದೆ. ಭಾನುವಾರಕ್ಕೆ ಬೇರೆ ದರ ಇದೆ ಎಂದಿಟ್ಟುಕೊಳ್ಳಿ. ‘ಶನಿವಾರ ರಾತ್ರಿ ಎರಡು ಗಂಟೆಗೆ ಚಾರ್ಜಿಗೆ ಹಾಕಿದೆ’ ಎಂದರೆ ನಮ್ಮ ಮಾತಿನಲ್ಲಿ ಬೆಳಗಾಗುವವರೆಗೂ ಶನಿವಾರವೇ, ಸೂರ್ಯೋದಯಕ್ಕೇ ವಾರ ತಿರುಗುವುದು. ಮೀಟರಿನ ಗಡಿಯಾರಕ್ಕೆ ಹನ್ನೆರಡು ಹೊಡೆದೊಡನೆ ಭಾನುವಾರ. ಟೈಮರ್ ಇಡುವ ಪರದೆಯಲ್ಲೂ ಇದೇ ಎಡವಟ್ಟು. ‘ಬೆಳಗಿನ ಜಾವ ಭಾನುವಾರ 2’ ಎಂದು ಬರೆಯಲೇ, ‘ಶನಿವಾರ ಮಧ್ಯರಾತ್ರಿ ಕಳೆದು 2 ಗಂಟೆಗೆ’ ಎನ್ನಲೇ? ಎರಡು ಗಂಟೆಯನ್ನು ಜಾವ ಎನ್ನಲು ನನ್ನ ಕಿವಿ ಒಪ್ಪುತ್ತಿಲ್ಲ, ಜಾವ ಎಂದರೆ ನಾಲ್ಕರ ಮೇಲೆ ಅನ್ನಿಸುತ್ತದೆ. ನಸುಕು ಎನ್ನುವ ಕಡೆಯವರಿಗೆ ಅದು ಎಷ್ಟು ಗಂಟೆಗೆ ಶುರುವಾಗುತ್ತದೆ?

ಕೊನೆಯ ಪ್ರಶ್ನೆ. ಸಗಟು ಮಾರುಕಟ್ಟೆಯನ್ನು ಅನುಸರಿಸಿ ಗಂಟೆಗಂಟೆಗೋ ಅರ್ಧ ಗಂಟೆಗೊಮ್ಮೆಯೋ ಬದಲಾಗುವ, ಕೆಲವು ಕಡೆ ಮರುದಿನದ ಬೆಲೆಯನ್ನು ಹಿಂದಿನ ದಿನವೇ ಹೊರಡಿಸುವ ಯೋಜನೆಗಳಿವೆ. ಅವಕ್ಕೆ ‘ಚಲನಶೀಲ ದರ’ ಎಂದು ಬರೆದದ್ದು ಕಂಡೆ, ಜೀವವಿಲ್ಲ. ಮಂಡಿಯಲ್ಲಿ ಬೆಳೆಗೆ ಆಯಾ ದಿನ ಸಿಗುವ ಬೆಲೆಗೆ ನಮ್ಮಲ್ಲಿ ‘ಧಾರಣೆ’ ಇದೆಯಲ್ಲ? ‘ಇವತ್ತಿನ ಧಾರಣೆ ಏನು?’ ಎಂದು ಕೇಳುವಾಗಲೇ ಅದು ನಿನ್ನೆಯದಲ್ಲ, ನಾಳೆ ಇರುವುದೂ ಅಲ್ಲ ಎಂಬ ಅರಿವು ಆ ಪದದೊಳಗೇ ಇದೆ. ‘ಧಾರಣೆ ಇಳಿದಾಗ ಕಾರನ್ನು ಚಾರ್ಜಿಗೆ ಹಾಕಿ’ ಎಂದರೆ ಸರಾಗವಾಗಿ ಕೇಳುತ್ತದೆ ಎಂದು ನನಗನ್ನಿಸುತ್ತದೆ. ಆದರೆ ಬೆಳೆಗಾರರ ಮಂಡಿಯ ಒಡನಾಟವಿಲ್ಲದೆ ಬೆಳೆದವರಿಗೆ ಧಾರಣೆ ಎಂದರೆ ಯೋಗದ ಧಾರಣೆ, ಧ್ಯಾನ ನೆನಪಾಗುತ್ತದೆಯೇ? ನಿಮ್ಮ ಮನೆಯ ಕಿರಿಯರನ್ನು ಅರ್ಥ ಹೇಳಿಕೊಡದೆ ಕೇಳಿ ನೋಡಿ, ಅವರು ಏನೆಂದರೋ ಹಾಗೇ ಬರೆದು ತಿಳಿಸಿ.