ಆರೋಪಿ ತೀರಿಕೊಂಡ ಮೇಲೆ ಬಂದ ತೀರ್ಪು: ನಾಯಕರ ಭ್ರಷ್ಟಾಚಾರಕ್ಕೆ ಕಾನೂನಿನ ಉತ್ತರವೇನು?

ಪ್ರಶ್ನೆ

ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದ ತೀರ್ಪುಗಳನ್ನು ಓದುತ್ತಿದ್ದೇನೆ. 1991ರಿಂದ 1996ರವರೆಗಿನ ಗಳಿಕೆಯ ಕುರಿತಾದ ಈ ಪ್ರಕರಣವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಕರ್ನಾಟಕಕ್ಕೆ ವರ್ಗಾಯಿಸಿತು. 2014ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ನಾಲ್ಕು ವರ್ಷ ಸೆರೆವಾಸ ಮತ್ತು 100 ಕೋಟಿ ರೂಪಾಯಿ ದಂಡ ವಿಧಿಸಿತು, ಮರುವರ್ಷ ಹೈಕೋರ್ಟ್ ಖುಲಾಸೆಗೊಳಿಸಿತು. ವಿಶೇಷ ನ್ಯಾಯಾಲಯದ ತೀರ್ಪೇ ಸರಿ ಎಂದು ಸುಪ್ರೀಂ ಕೋರ್ಟ್ 2017ರ ಫೆಬ್ರವರಿ 14ರಂದು ಹೇಳುವ ವೇಳೆಗೆ ಮೊದಲ ಆರೋಪಿಯಾದ ಜಯಲಲಿತಾ ತೀರಿಕೊಂಡು ಎರಡು ತಿಂಗಳು ದಾಟಿತ್ತು. ಉನ್ನತ ಸ್ಥಾನದವರನ್ನು ಹೊಣೆಗಾರರನ್ನಾಗಿಸುವಷ್ಟು ಬಲ ನಮ್ಮ ಕಾನೂನಿಗೆ ಇಲ್ಲವೇ? ಬಲ್ಲವರು ದಯವಿಟ್ಟು ತಿಳಿಸಿ.

ಪ್ರತಿಕ್ರಿಯೆ 1

ಕಾನೂನು ದುರ್ಬಲವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದಾಯಕ್ಕೆ ಮೀರಿದ ಆಸ್ತಿ ಇದೆಯೆಂದು ಪ್ರಾಸಿಕ್ಯೂಷನ್ ತೋರಿಸಿದ ಮೇಲೆ ಅದಕ್ಕೆ ಸಮಾಧಾನಕರ ಲೆಕ್ಕ ಕೊಡುವ ಹೊರೆ ಆರೋಪಿಯ ಹೆಗಲಿಗೇ ಬೀಳುತ್ತದೆ. ತೊಡಕು ಇರುವುದು ಮೇಲ್ಮನವಿಯ ಹಾದಿಯಲ್ಲಿ, ಮತ್ತು ಆ ಹಾದಿಯಲ್ಲಿ ಕಳೆಯುವ ಕಾಲದಲ್ಲಿ. ಹೈಕೋರ್ಟಿನ ತೀರ್ಪಿನಲ್ಲಿ ಆದಾಯದ ಲೆಕ್ಕಕ್ಕೆ ಸೇರಿಸಿರುವ ಸಾಲಗಳ ಪಟ್ಟಿಯನ್ನೊಮ್ಮೆ ಕೈಯಾರೆ ಕೂಡಿ ನೋಡಿ. ಅಲ್ಲಿ ಒಟ್ಟು 24.17 ಕೋಟಿ ರೂಪಾಯಿ ಎಂದಿದೆ, ಆದರೆ ಅದೇ ಅಂಕಿಗಳನ್ನು ಕೂಡಿದರೆ ಬರುವುದು 10.67 ಕೋಟಿ. ಹೀಗೆ ಹದಿಮೂರೂವರೆ ಕೋಟಿ ಆದಾಯದ ಬದಿಗೆ ಹೆಚ್ಚಾಗಿ ಸೇರಿದ್ದರಿಂದಲೇ ಮೀರಿದ ಆಸ್ತಿ ಶೇ 8.12ಕ್ಕೆ ಇಳಿದು, ಶೇ 10ರೊಳಗಿನ ವ್ಯತ್ಯಾಸವನ್ನು ಮನ್ನಿಸಬಹುದೆಂಬ ಹಳೆಯ ನಿಲುವಿನ ಆಸರೆ ಆರೋಪಿಗಳಿಗೆ ದೊರೆಯಿತು. ಖುಲಾಸೆಯಾದದ್ದು 2015ರ ಮೇ 11ರಂದು, ಅದೇ ತಿಂಗಳ 23ರಂದು ಜಯಲಲಿತಾ ಮತ್ತೆ ತಮಿಳುನಾಡಿನ ಮುಖ್ಯಮಂತ್ರಿಯಾದರು. ಕೂಡುವ ಲೆಕ್ಕದ ತಪ್ಪು ಸರಿಹೋಗಲು ಮತ್ತೆ ಇಪ್ಪತ್ತೊಂದು ತಿಂಗಳು ಬೇಕಾದದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಪ್ರತಿಕ್ರಿಯೆ 2

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಕಾನೂನು ಎಲ್ಲ ಕಡೆಯೂ ಗಟ್ಟಿಯಾಗಿದೆ ಎನ್ನಲಾರೆ. 1993ರ ಅವಿಶ್ವಾಸ ನಿರ್ಣಯದಲ್ಲಿ ನರಸಿಂಹ ರಾವ್ ಸರ್ಕಾರವನ್ನು ಉಳಿಸಲು ಜಾರ್ಖಂಡ್ ಮುಕ್ತಿ ಮೋರ್ಚಾದ ಸಂಸದರು ಹಣ ಪಡೆದರೆಂಬ ಪ್ರಕರಣದಲ್ಲಿ, ಲಂಚ ಪಡೆದು ಸದನದಲ್ಲಿ ಮತ ಹಾಕಿದವರಿಗೆ ಸಂವಿಧಾನದ 105ನೇ ವಿಧಿಯ ರಕ್ಷಣೆಯಿದೆ ಎಂದು 1998ರಲ್ಲಿ ಸುಪ್ರೀಂ ಕೋರ್ಟ್ 3-2ರ ಬಹುಮತದಿಂದ ಹೇಳಿತು. ಹಣ ಪಡೆದೂ ಮತ ಹಾಕದವರಿಗೆ ಮಾತ್ರ ಆ ರಕ್ಷಣೆ ಇರಲಿಲ್ಲ, ಅಂದರೆ ಲಂಚದ ಕರಾರಿಗೆ ನಿಷ್ಠರಾಗಿದ್ದವರೇ ಪಾರಾದರು. ಏಳು ನ್ಯಾಯಮೂರ್ತಿಗಳ ಪೀಠ ಇದನ್ನು ಒಮ್ಮತದಿಂದ ತಳ್ಳಿಹಾಕಿದ್ದು 2024ರ ಮಾರ್ಚ್ 4ರಂದು.

ಭ್ರಷ್ಟಾಚಾರ ತಡೆ ಕಾಯ್ದೆಗೆ ತಂದ 2018ರ ತಿದ್ದುಪಡಿಯನ್ನೂ ಗಮನಿಸಬೇಕು. ಅಧಿಕಾರದಲ್ಲಿದ್ದಾಗ ಕೈಗೊಂಡ ತೀರ್ಮಾನದ ಬಗ್ಗೆ ತನಿಖೆ ಆರಂಭಿಸುವುದಕ್ಕೇ ಈಗ 17ಎ ಸೆಕ್ಷನ್‌ನಡಿ ಪೂರ್ವಾನುಮತಿ ಬೇಕು. ಮೊಕದ್ದಮೆ ಹೂಡಲು ಬೇಕಾದ ಮಂಜೂರಾತಿಯ ರಕ್ಷಣೆ ಮೊದಲು ಹುದ್ದೆಯಲ್ಲಿದ್ದವರಿಗಷ್ಟೇ ಇತ್ತು, ಅದನ್ನು ಹುದ್ದೆ ಬಿಟ್ಟವರಿಗೂ ವಿಸ್ತರಿಸಲಾಯಿತು. ಪ್ರಾಮಾಣಿಕ ಅಧಿಕಾರಿಗಳು ಅಂಜಿಕೆಯಿಲ್ಲದೆ ಕಡತಕ್ಕೆ ಸಹಿ ಹಾಕುವಂತಾಗಲಿ ಎಂಬ ಸಮರ್ಥನೆ ನನಗೆ ಅರ್ಥವಾಗುತ್ತದೆ. ಆದರೂ ಅನುಮತಿ ಕೊಡುವ ಕೈ ಮತ್ತು ತನಿಖೆಗೆ ಒಳಗಾಗುವ ಕೈ ಒಂದೇ ಸರ್ಕಾರಕ್ಕೆ ಸೇರಿದ್ದಾಗ ಕಡತ ಮುಂದೆ ಸರಿಯುತ್ತದೆಂದು ನಂಬುವುದು ಕಷ್ಟ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಆ 100 ಕೋಟಿ ದಂಡದ ಗತಿ ಏನಾಯಿತು?

ಪ್ರತಿಕ್ರಿಯೆ 1

ಸಾವಿನಿಂದಾಗಿ ಅವರ ಮಟ್ಟಿಗೆ ಮೇಲ್ಮನವಿಯೇ ಕೊನೆಗೊಂಡಿತು. ದಂಡ ವಸೂಲಿಗಾಗಿ ಕರ್ನಾಟಕ ಸರ್ಕಾರ ಸಲ್ಲಿಸಿದ್ದ ಮರುಪರಿಶೀಲನಾ ಅರ್ಜಿಯನ್ನು ಸುಪ್ರೀಂ ಕೋರ್ಟ್ 2017ರ ಏಪ್ರಿಲ್‌ನಲ್ಲಿ ವಜಾಗೊಳಿಸಿತು. ಉಳಿದ ಮೂವರು ಅಪರಾಧಿಗಳಿಗೆ ಸೆರೆವಾಸದ ಜೊತೆಗೆ ತಲಾ 10 ಕೋಟಿ ದಂಡ ಖಾಯಂ ಆಯಿತು. ಜಪ್ತಿ ಮಾಡಿದ್ದ ಚಿನ್ನಾಭರಣಗಳು ಬೆಂಗಳೂರಿನಲ್ಲೇ ಇದ್ದವು. ಅವನ್ನು ತಮಿಳುನಾಡು ಸರ್ಕಾರದ ಅಧಿಕಾರಿಗಳಿಗೆ ಒಪ್ಪಿಸಿದ್ದು 2025ರ ಫೆಬ್ರವರಿಯಲ್ಲಿ.